ಅಕೀಕ್ ಗಡ್ಡಿ ಕೊಯ್ಯೂದು: ಯಾವ ಗೆರಿ ಬಿರುಕು, ಯಾವ ಗೆರಿ ಬರೇ ಬಣ್ಣ?

ಭಾಲ್ಕಿ_ಹಳ್ಳದಂಡಿ
ಎಲ್ಲರಿಗೂ ಶರಣು. ಕರಿಕಲ್ಲಿನಾಗಿಂದ ಬಿಡಿಸಿದ ಅಕೀಕ್ (ಅಗೇಟ್, ಪಟ್ಟಿ ಪಟ್ಟಿ ಇರೂ ಸಿಲಿಕಾ ಕಲ್ಲು) ಗಡ್ಡಿ ಒಂದು ಅದ. ಉದ್ದ 110 ಮಿಮೀ, ಅಗಲ 95, ದಪ್ಪ 80. ಹೊರಗ ಹಸಿರು ಸಿಪ್ಪಿ, ಒಳಗ ಬೂದಿ-ಬಿಳಿ ಪಟ್ಟಿ, ಒಂದು ಮೂಲ್ಯಾಗ ಕೆಂಪು ಛಾಯೆ. ತುದಿಗೆ ಸಣ್ಣ ಕಿಟಕಿ ಕೊಯ್ದು ನೋಡಿದ್ರ ಮೂರು ಥರದ ಗೆರಿ ಕಾಣ್ತಾವ. ಒಂದು ಕಂದುಗೆಂಪು, ಕೂದಲೆಳಿ ಹಂಗ. ಎರಡನೇದು ಬಿಳಿ, ಅರ್ಧ ಮಿಮೀ ಅಗಲ. ಮೂರನೇದು ಬರಿಗಣ್ಣಿಗೆ ಇಲ್ಲ, ಟಾರ್ಚ್ ಹಿಡಿದು ಹೊಳ್ಳಿಸಿದ್ರ ಮಾತ್ರ ಕನ್ನಡಿ ಹಂಗ ಮಿಂಚ್ತದ. 30×22 ಮಿಮೀ ಮೊಟ್ಟಿ ಆಕಾರದ ಹರಳು ತೆಗೀಬೇಕಂತ ವಿಚಾರ. ಯಾವ ಕಡಿಂದ ಕೊಯ್ಯಬೇಕು? ಈ ಮೂರರಾಗ ಯಾವುದಕ್ಕ ಅಂಜಬೇಕು? ಪರ್ಸಿ (ನೆಲಕ್ಕ ಹಾಸೂ ಸುಣ್ಣಕಲ್ಲು) ಕೊಯ್ಯೂ ಮಾರ್ಬಲ್ ಕಟರ್ ನಡೀತದೇನು?

ಬೀದರ್_ಸಾಣಿಕಲ್ಲು
ಮದಲ ಮೂರನೇದಕ್ಕ ಅಂಜ್ರಿ. ಹೊಳ್ಳಿಸಿದಾಗ ಮಿಂಚೂದು ಅಂದ್ರ ಒಳಗ ಗಾಳಿ ಅದ ಅಂತ ಅರ್ಥ. ಗಾಳಿ ಇದ್ದಲ್ಲಿ ಎರಡು ಮುಖ ಒಂದಕ್ಕೊಂದು ಅಂಟಿಲ್ಲ. ಒಮ್ಮೊಮ್ಮಿ ಅದರ ಮ್ಯಾಲ ಎಣ್ಣಿ ಬಿದ್ದ ನೀರಿನ ಹಂಗ ಏಳು ಬಣ್ಣ ಕಾಣ್ತಾವ. ಹಂಗ ಕಂಡ್ರ ಸಂಶಯನೇ ಬ್ಯಾಡ, ಅದು ಬಾಯಿಬಿಟ್ಟ ಬಿರುಕು. ಪಟ್ಟಿಗೆ ಈ ಗುಣ ಇಲ್ಲ. ಎತ್ಲಾಗ ಹೊಳ್ಳಿಸಿದ್ರೂ ಪಟ್ಟಿ ಇದ್ದಂಗೇ ಇರ್ತದ.

ಕಂದುಗೆಂಪಂದಕ್ಕ ನೀರಿನ ಪರೀಕ್ಷಾ ಮಾಡ್ರಿ. ಕಿಟಕಿ ಮುಖ ಸ್ವಚ್ಛ ತೊಳೀರಿ, ಒದ್ದಿ ಮಾಡ್ರಿ, ಅರಿವಿಲೆ ಒಮ್ಮೆ ಒರಸಿ ನೆಳ್ಳಾಗ ಇಡ್ರಿ. ಮುಖ ಎಲ್ಲಾ ಒಣಗಿ ಬೆಳ್ಳಗಾದ ಮ್ಯಾಲೂ ಗೆರಿ ಕಪ್ಪಗೇ ಉಳೀತಂದ್ರ ಅದರೊಳಗ ನೀರು ಹೊಕ್ಕದ. ನೀರಿನ ಬದ್ಲಿ ಸ್ಪಿರಿಟ್ ಹಚ್ಚಿದ್ರ ಇನ್ನೂ ಸ್ಪಷ್ಟ: ಮ್ಯಾಲಿಂದು ಕೆಲವು ಸೆಕೆಂಡಿನಾಗ ಹಾರ್ತದ, ಬಿರುಕಿನಾಗಿಂದು ನಿಂತು ಹಸಿ ಗೆರಿ ಎಳೀತದ. ಬ್ಯಾಸಗಿ ಮಧ್ಯಾಹ್ನದಾಗ ಈ ಪರೀಕ್ಷಾ ಮಾಡಬ್ಯಾಡ್ರಿ, ನೀರು ಎಲ್ಲಾ ಕಡಿ ಒಂದೇ ಸಲ ಹಾರಿ ಏನೂ ತಿಳಿಯಂಗಿಲ್ಲ.

ಬಿಳಿ ಗೆರಿ ಮೊಳಿ ತುದಿಲೆ ಕೆರೀರಿ. 10ರ ತನಕ ಇರೂ ಮೋಸ್ ಅಳತಿಲೆ ಅಕೀಕಿನ ಗಡಸುತನ 7ರ ಹತ್ರ, ಕಬ್ಬಿಣದ ಮೊಳಿ ಜಾರ್ತದ. ಗೆರಿ ಮ್ಯಾಲ ಮೊಳಿ ಹಿಡೀತು, ಪುಡಿ ಬಂತು ಅಂದ್ರ ಅದು ಕ್ಯಾಲ್ಸೈಟ್ ಇಲ್ಲಾ ಜಿಯೋಲೈಟ್ ಅನ್ನೂ ಮೆತ್ತನ ಖನಿಜ. ಪುಡಿ ಮ್ಯಾಲ ನಿಂಬಿರಸ ಒಂದು ಹನಿ ಬಿಡ್ರಿ. ಸಣ್ಣ ಗುಳ್ಳಿ ಎದ್ರ ಕ್ಯಾಲ್ಸೈಟ್, ಗಡಸುತನ 3. ಮೊಳಿ ಜಾರಿತು ಅಂದ್ರ ಅದು ಸಿಲಿಕಾನೇ ತುಂಬಿಕೊಂಡು ಮಾಯ್ದ ಬಿರುಕು. ಅದಕ್ಕ ಅಂಜೂ ಕಾರಣ ಇಲ್ಲ.

ಸುರಪುರ_ಗುಡ್ಡ
ಈ ಮೂರು ಗೆರೆಗಳು ಬೇರೆ ಬೇರೆ ಕಾಲದವು ಎಂದು ನೆನಪಿಟ್ಟುಕೊಂಡರೆ ಗುರುತಿಸುವುದು ಸುಲಭ. ಬೀದರ್ ಜಿಲ್ಲೆ ಮತ್ತು ಕಲಬುರಗಿಯ ಉತ್ತರ ಭಾಗ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖ್ಖನ್ ಲಾವಾದ ಮೇಲಿದೆ. ಲಾವಾದೊಳಗೆ ಅನಿಲದ ಗುಳ್ಳೆ ಬಿಟ್ಟುಹೋದ ಪೊಳ್ಳುಗಳಲ್ಲಿ ಆಮೇಲೆ ಸಿಲಿಕಾ ಪದರ ಪದರವಾಗಿ ಕೂತು ಅಕೀಕ್ ಆಯಿತು. ಹೊರಗಿನ ಹಸಿರು ಸಿಪ್ಪೆ ಬಹುತೇಕ ಸೆಲಡೊನೈಟ್ ಎಂಬ ಮೆತ್ತನೆಯ ಖನಿಜ. ಪೊಳ್ಳಿನ ಗೋಡೆಗೆ ಮೊದಲು ಬಳಿದುಕೊಂಡದ್ದು ಅದು.

ಸಿಲಿಕಾ ಇನ್ನೂ ಹರಿದು ಬರುತ್ತಿದ್ದಾಗಲೇ ಬಿರುಕು ಬಿದ್ದಿದ್ದರೆ ಅದೇ ಸಿಲಿಕಾ ಬಿರುಕನ್ನೂ ತುಂಬಿದೆ. ಇದರ ಗುರುತು ಒಂದೇ ನೋಟಕ್ಕೆ ಸಿಗುತ್ತದೆ: ಗೆರೆಯ ಈಚೆ ಇರುವ ಪಟ್ಟಿ ಆಚೆ ಒಂದೆರಡು ಮಿಮೀ ಸರಿದಿರುತ್ತದೆ, ಆದರೂ ನಡುವೆ ಗಟ್ಟಿ ತುಂಬಿಕೆ ಇರುತ್ತದೆ. ಸಿಲಿಕಾ ನಿಂತ ಮೇಲೆ ಬಿದ್ದದ್ದಾದರೆ ಅದರಲ್ಲಿ ಇಳಿದದ್ದು ಮೇಲಿನ ಮಣ್ಣಿನ ನೀರು. ನಮ್ಮ ಕಡೆ ಮುರುಮಿನಲ್ಲೂ ಕೆಂಪುಕಲ್ಲಿನಲ್ಲೂ ಕಬ್ಬಿಣ ಹೇರಳವಾಗಿರುವುದರಿಂದ ಅಂಥ ಬಿರುಕು ಕಂದುಗೆಂಪಾಗುತ್ತದೆ. ಬಣ್ಣ ಒಳಗೆ ಹೋಗಿದೆ ಎಂದರೆ ದಾರಿ ಇತ್ತು ಎಂದೇ ಅರ್ಥ. ದಾರಿ ಈಗಲೂ ತೆರೆದಿದೆಯೇ ಎಂಬುದನ್ನು ನೀರಿನ ಪರೀಕ್ಷೆ ಹೇಳುತ್ತದೆ.

ಇನ್ನೊಂದು ಥರದ್ದಿದೆ. ಹೊಳೆಯಲ್ಲಿ ಉರುಳಿ ಬಂದ ಕಲ್ಲಿನ ಮೈಮೇಲೆ ಉಗುರು ಚುಚ್ಚಿದಂಥ ಅರ್ಧಚಂದ್ರದ ಗುರುತುಗಳು. ಒಂದಕ್ಕೊಂದು ಬಡಿದು ಆದ ಪೆಟ್ಟು ಅವು, ಸಾಮಾನ್ಯವಾಗಿ ಕೆಲವೇ ಮಿಮೀ ಆಳ. ಅವನ್ನು ಕಂಡು ಕಲ್ಲು ಬಿಸಾಡಬೇಡಿ. ನೇಗಿಲೋ ಸುತ್ತಿಗೆಯೋ ತಗುಲಿದ ಕಲ್ಲಿನಲ್ಲಿ ಮಾತ್ರ ಪೆಟ್ಟಿನ ಬಿಂದುವಿನಿಂದ ಶಂಕುವಿನಂತೆ ಬಿರುಕು ಆಳಕ್ಕೆ ಇಳಿದಿರುತ್ತದೆ. ಅದಕ್ಕೇ ಹೇಳುವುದು, ಒಳಗೆ ಏನಿದೆ ನೋಡಲು ಸುತ್ತಿಗೆ ಎತ್ತಬೇಡಿ.

ಭಾಲ್ಕಿ_ಹಳ್ಳದಂಡಿ
ಪರೀಕ್ಷಾ ಆತು. ಕಂದುಗೆಂಪು ಗೆರಿ ಮುಖ ಒಣಗಿದ ಮ್ಯಾಲೂ ಹಸಿ ಉಳೀತು. ಬಿಳಿ ಗೆರಿ ಮೊಳಿಗೆ ಹಿಡೀಲಿಲ್ಲ, ಪಟ್ಟಿನೂ 1 ಮಿಮೀ ಸರಿದದ. ಮಿಂಚೂದು ಕಂದುಗೆಂಪಂದರ ಮುಂದಿನ ತುದಿನೇ ಅನಸ್ತದ, ಎರಡೂ ಒಂದೇ ಸಮತಲದಾಗ ಅವ. ಅಂದ್ರ ಒಂದೇ ದೊಡ್ಡ ಬಿರುಕು. ಉದ್ದದ ಅಕ್ಷಕ್ಕ ಅಂದಾಜು 70 ಡಿಗ್ರಿ ಓರೆ ಅದ.

ಬೀದರ್_ಸಾಣಿಕಲ್ಲು
ಬರೋಬರಿ ನೋಡೀರಿ. ಈಗ ಲೆಕ್ಕ ಹಾಕೂಣು, ಕೊಯ್ಯೂ ದಿಕ್ಕು ತಪ್ಪಿದ್ರ ಒಂದೇ ಬಿರುಕು ಇಡೀ ಗಡ್ಡಿ ತಿಂದು ಹಾಕ್ತದ.

ಸ್ಲ್ಯಾಬ್ 6 ಮಿಮೀ ದಪ್ಪ ಹಿಡೀರಿ, ಬ್ಲೇಡ್ ತಿನ್ನೂದು 1.5. ಒಂದು ಸ್ಲ್ಯಾಬಿಗೆ 7.5 ಮಿಮೀ ಕಲ್ಲು ಹೋತು. ಎರಡೂ ತುದಿ ತೆಗೆದು 90 ಮಿಮೀ ಉಪಯೋಗಕ್ಕ ಬಂದ್ರ 12 ಸ್ಲ್ಯಾಬ್.

ಉದ್ದದ ಅಕ್ಷಕ್ಕ ಸರಿಯಾಗಿ ಅಡ್ಡ ಕೊಯ್ದ್ರ, ನಿಮ್ಮ ಬಿರುಕು 70 ಡಿಗ್ರಿ ಇರೂದಕ್ಕ, ಸ್ಲ್ಯಾಬಿನ ಮುಖಕ್ಕ 20 ಡಿಗ್ರಿ ಓರೆ ಆಗ್ತದ. 6 ಮಿಮೀ ದಪ್ಪ ದಾಟೂದ್ರಾಗ ಅದು ಅಡ್ಡಕ್ಕ 16.5 ಮಿಮೀ ಸರೀತದ. ಮ್ಯಾಲಿನ ಮುಖದಾಗ ಒಂದು ಕಡಿ ಗೆರಿ, ಕೆಳಗ ಇನ್ನೊಂದು ಕಡಿ, ನಡುವಿನ 16.5 ಮಿಮೀ ಪೂರಾ ಹುಸಿ. ಮ್ಯಾಲ ನೋಡಿ ಚಲೋ ಅದ ಅಂತ ಹರಳು ಗುರುತು ಹಾಕ್ತೀರಿ, ಸಾಣಿ ಹಿಡಿದಾಗ ಹಿಂದಿನಿಂದ ತೆಳ್ಳನ ಚಕ್ಕಿ ಹಾರ್ತದ. ಸ್ಲ್ಯಾಬಿನಾಗ ಕೆಟ್ಟ ಬಿರುಕು ಅಂದ್ರ ಈ ಓರೆ ಬಿರುಕೇ. ಮತ್ತ ನಿಮ್ಮದು 80-95 ಮಿಮೀ ಅಗಲ ದಾಟೂದ್ರಾಗ ಉದ್ದಕ್ಕ 30 ಮಿಮೀ ಹತ್ರ ಸರೀತದ, ಅಂದ್ರ ನಾಕೈದು ಸ್ಲ್ಯಾಬಿಗೆ ಇದೇ ಗತಿ.

ಗಡ್ಡಿನ 20 ಡಿಗ್ರಿ ತಿರುಗಿಸಿ, ಬ್ಲೇಡ್ ಬಿರುಕಿಗೆ ಸಮಾಂತರ ಹೋಗೂ ಹಂಗ ಹಿಡೀರಿ. ಆವಾಗ ಬಿರುಕು ಒಂದೇ ಸ್ಲ್ಯಾಬಿನಾಗ ಉಳೀತದ. ಇನ್ನೂ ಚಲೋ ಅಂದ್ರ ಮದಲನೇ ಕೊಯ್ತ ಬಿರುಕಿನ ಮ್ಯಾಲೇ ಹಾಕ್ರಿ. ಬ್ಲೇಡಿನ 1.5 ಮಿಮೀ ಒಳಗ ಬಿರುಕೇ ಪುಡಿಯಾಗಿ ಹೋಗ್ತದ, ನಿಮಗ ಎರಡು ಚಲೋ ತುಂಡು ಸಿಗ್ತಾವ.

ಶಹಾಬಾದ್_ಪರ್ಸಿ
ಸಾಣಿಕಲ್ಲು ಅಣ್ಣಾರ ಲೆಕ್ಕ ಖರೆ ಅದ, ಆದ್ರ ಅಕೀಕಿನಾಗ ಜನ ರೊಕ್ಕ ಕೊಡೂದು ಪಟ್ಟಿಗೆ. ಪಟ್ಟಿಗೆ ಸಮಾಂತರ ಕೊಯ್ದ್ರ ಮುಖದ ಮ್ಯಾಲ ಒಂದೇ ಬಣ್ಣದ ಮಚ್ಚಿ ಬರ್ತದ, ಪಟ್ಟಿ ಬರಂಗಿಲ್ಲ. ಪಟ್ಟಿಗೆ ಅಡ್ಡ ಕೊಯ್ದ್ರೇ ಕೋಟೆ ಗೋಡಿ ಹಂಗ ಒಂದರೊಳಗೊಂದು ಗೆರಿ ಕಾಣೂದು. ಮದಲ ಪಟ್ಟಿ ನೋಡ್ರಿ, ಆಮ್ಯಾಲ ಬಿರುಕು. ಬಿರುಕು ಮುಖಕ್ಕ ನೆಟ್ಟಗ ನಿಂತಿತ್ತಂದ್ರ ಏನೂ ತ್ರಾಸ ಇಲ್ಲ: ಸ್ಲ್ಯಾಬ್ ಬಿರುಕಿನ ಮ್ಯಾಲೇ ಮುರೀರಿ, ಎರಡೂ ಕಡಿ 2-3 ಮಿಮೀ ತೆಗೀರಿ, 95 ಮಿಮೀ ಅಗಲದಾಗ 30×22 ಹರಳು ಆರಾಮ ಕೂಡ್ತದ.

ಬೀದರ್_ಸಾಣಿಕಲ್ಲು
ಒಪ್ತೀನಿ. ಒಂದಲ್ಲ, ನಾಕಾರು ಬಿರುಕು ಒಂದೇ ದಿಕ್ಕಿಗೆ 15-20 ಮಿಮೀ ಅಂತರದಾಗ ಇದ್ರ ನೀವು ಹೇಳಿದ್ದೇ ಬೇಕು, ನೆಟ್ಟಗ ನಿಲ್ಲೂ ಹಂಗ ಕೊಯ್ದು ನಡುವಿಂದು ಬಳಸೂದು. ಆದ್ರ ಭಾಲ್ಕಿಯವರ ಗಡ್ಡಿ ಸುತ್ತಲೂ ದುಂಡಗ ಪಟ್ಟಿ ಕಟ್ಟ್ಯಾದ. ಅಂಥದ್ರಾಗ 20 ಡಿಗ್ರಿ ತಿರುಗಿಸಿದ್ರ ಚಿತ್ರ ಕೆಡಂಗಿಲ್ಲ. ತಳಕ್ಕ ನೀರು ನಿಂತಂಗ ಸಪಾಟ ಪಟ್ಟಿ ಇದ್ದಿದ್ರ ನಿಮ್ಮ ಮಾತೇ ನಡೀಬೇಕಾಗ್ತಿತ್ತು.

ಆಳಂದ_ಮೋಟರ್
ಮಾರ್ಬಲ್ ಕಟರ್ ಬಗ್ಗೆ ಯಾರೂ ಹೇಳಿಲ್ಲ. ಬ್ಯಾಡ್ರಿ.

110 ಮಿಮೀ ಬ್ಲೇಡ್, ನಿಮಿಷಕ್ಕ 13,000 ಸುತ್ತು. ಅಂಚಿನ ವೇಗ ಸೆಕೆಂಡಿಗೆ 75 ಮೀಟರ್ ಹತ್ರ ಬರ್ತದ. ಅಕೀಕಿಗೆ ಬೇಕಾದ್ದು 10ರಿಂದ 15 ಮೀಟರ್. ಅಷ್ಟು ಜೋರು ತಿರುಗಿದ್ರ ವಜ್ರದ ಕಣ ಕಲ್ಲಿನಾಗ ಇಳಿಯೂ ಮದಲೇ ಮ್ಯಾಲಿಂದ ಉಜ್ಜಿ ಹೋಗ್ತದ, ಕಾವು ಏರ್ತದ, ಕಣ ನುಣುಪಾಗ್ತದ. ಮ್ಯಾಲ ಆ ಬ್ಲೇಡಿಗೆ ಹಲ್ಲಿನ ಹಂಗ ಸಂದು ಇರ್ತಾವ. ಪ್ರತಿ ಸಂದೂ ಅಕೀಕಿನ ಅಂಚಿಗೆ ಬಡೀತದ. ಇಲ್ಲದ ಬಿರುಕು ನೀವೇ ಹುಟ್ಟಿಸಿದಂಗ ಆಗ್ತದ. ಕೈಲೆ ಹಿಡಿದು ನಡೆಸೂದ್ರಿಂದ ಬ್ಲೇಡ್ ಒಂಚೂರು ವಾಲಿದ್ರೂ ಕಲ್ಲಿನಾಗ ಸಿಕ್ಕಿ ಒದೀತದ. ಪರ್ಸಿಗೆ ಅದು ಸರಿ, ಸುಣ್ಣಕಲ್ಲು ಮೆತ್ತಗ.

ಅಂಚು ಅಖಂಡ ಇರೂ ತೆಳು ವಜ್ರದ ಬ್ಲೇಡ್ ತಗೋರಿ. 10 ಇಂಚಿಂದು ಅಂದ್ರ 254 ಮಿಮೀ, ಸುತ್ತಳತಿ 798. ಒಂದು ಅಶ್ವಶಕ್ತಿಯ 1440 ಸುತ್ತಿನ ಮೋಟರಿಗೆ ನೇರ ಕೂಡಿಸಿದ್ರ 19 ಮೀಟರ್ ಆಗ್ತದ, ಅಕೀಕಿಗೆ ಜಾಸ್ತಿ. ಮೋಟರಿಗೆ 3 ಇಂಚಿನ ಪುಲ್ಲಿ, ಬ್ಲೇಡಿನ ಶಾಫ್ಟಿಗೆ 4 ಇಂಚಿಂದು ಹಾಕ್ರಿ: 1080 ಸುತ್ತು, 14.4 ಮೀಟರ್. ಬ್ಲೇಡ್ ಹಿಡಿಯೂ ಫ್ಲ್ಯಾಂಜ್ 75 ಮಿಮೀ ಇದ್ರ ಕೊಯ್ಯಾಕ ಸಿಗೂ ಆಳ ಲೆಕ್ಕದ ಪ್ರಕಾರ 89, ಕೆಲಸದಾಗ 80ರ ಸುತ್ತ. ನಿಮ್ಮ ಗಡ್ಡಿ ಅಂಚಿಗೆ ಬಂದದ. ನೀರು, ಕರೆಂಟು ಎರಡೂ ಒಂದೇ ಕಡಿ ಇರೂದಕ್ಕ ಅರ್ಥಿಂಗ್ ಗಟ್ಟಿ ಇರಬೇಕು, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ್ರ ಲೈನ್ ಕಡಿಯೂ ಸ್ವಿಚ್) ಇಲ್ಲದ ಲೈನಿಗೆ ಹಚ್ಚಬ್ಯಾಡ್ರಿ.

ಭಾಲ್ಕಿ_ಹಳ್ಳದಂಡಿ
ಗಡ್ಡಿ ದುಂಡಗ ಅದ, ವೈಸಿನಾಗ ಹೆಂಗ ಹಿಡಿಯೂದು? 20 ಡಿಗ್ರಿ ತಿರುಗಿಸಿದ್ರ ಎರಡೇ ಕಡಿ ತಾಕ್ತದ.

ಬೀದರ್_ಸಾಣಿಕಲ್ಲು
ಎರಡೇ ಕಡಿ ತಾಕಿದ್ರ ಕೊಯ್ಯಾಕ ಶುರು ಮಾಡಲೇಬ್ಯಾಡ್ರಿ. ನಡುವ ಕಲ್ಲು ಅರ್ಧ ಮಿಮೀ ಕದಲಿದ್ರೂ ಬ್ಲೇಡ್ ತಾಟಿನ ಹಂಗ ಬಾಗ್ತದ, ಒಮ್ಮೆ ಬಾಗಿದ್ದು ಮತ್ತ ಸಪಾಟ ಸ್ಲ್ಯಾಬ್ ಕೊಡಂಗಿಲ್ಲ.

ಮದಲ ಹಸಿರು ಸಿಪ್ಪಿ ತಂತಿ ಬ್ರಷ್‌ಲೆ ಪೂರಾ ತೆಗೀರಿ. ಅದು ಸಾಬೂನಿನ ಹಂಗ ಮೆತ್ತಗ, ವೈಸಿನಾಗ ಜಾರ್ತದ. ಆಮ್ಯಾಲ ಕಟ್ಟಿಗಿ ಪೆಟ್ಟಿಗಿಯಾಗ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಗಡ್ಡಿನ ಮೂರನೇ ಒಂದು ಭಾಗ ಮುಳುಗಿಸಿ ಕೂಡಿಸ್ರಿ. ಬಿರುಕಿನ ಗೆರಿ ಮ್ಯಾಲ ಅಲ್ಯುಮಿನಿಯಂ ಕಡ್ಡಿಲೆ ಗೀಟು ಎಳೀರಿ, ಪೆಟ್ಟಿಗಿ ಅಂಚಿಗೆ ಆ ಗೀಟು ಸಮಾಂತರ ಇರೂ ಹಂಗ ತಿರುಗಿಸಿ ಹಿಡೀರಿ. ನೀರಿಲೆ ಕೊಯ್ಯೂದಾದ್ರ ಪ್ಲಾಸ್ಟರ್ ಮೆತ್ತಗಾಗ್ತದ, ಆವಾಗ ಸಿಮೆಂಟ್ ಬಳಸಿ ಎರಡು ದಿನ ಬಿಡ್ರಿ. ವೈಸಿನ ಬಾಯಿಗೆ ಕಟ್ಟಿಗಿ ತುಂಡು ಕೊಡ್ರಿ, ಕಬ್ಬಿಣ ನೇರ ಕಲ್ಲಿಗೆ ಬ್ಯಾಡ.

ಬ್ಲೇಡ್ ಮದಲು ಮುಟ್ಟೂ ಜಾಗಾ ಇಳಿಜಾರು ಇದ್ರ ಬ್ಲೇಡ್ ಪಕ್ಕಕ್ಕ ಜಾರ್ತದ. ಅಲ್ಲಿ ಸಾಣಿಲೆ ಒಂದು ಸಣ್ಣ ಸಪಾಟ ಮಾಡ್ಕೋರಿ. ಮದಲಿನ 5 ಮಿಮೀ ಭಾಳ ನಿಧಾನ. ಆಮ್ಯಾಲ ನಿಮಿಷಕ್ಕ 2-3 ಮಿಮೀ, ಅಂದ್ರ 80 ಮಿಮೀಗೆ ಅರ್ಧ ತಾಸು ಹಿಡೀತದ. ಸಪ್ಪಳ ಕೇಳ್ರಿ: ಒಂದೇ ಸಮ ಗುಯ್ ಅಂದ್ರ ಸರಿ, ಮೋಟರ್ ದನಿ ಇಳೀತು ಅಂದ್ರ ಒತ್ತೂದು ಜಾಸ್ತಿ ಆಗ್ಯಾದ, ಕೀರಲು ದನಿ ಬಂದು ಕಲ್ಲು ಮುಂದ ಹೋಗ್ಲಿಲ್ಲಂದ್ರ ಬ್ಲೇಡಿನ ವಜ್ರ ಮುಚ್ಚಿಕೊಂಡಾವ. ಹಳೀ ಸಾಣಿ ಚಕ್ರದ ತುಂಡು ಇಲ್ಲಾ ಮೆತ್ತನ ಇಟ್ಟಂಗಿ ನಾಕೈದು ಸಲ ಕೊಯ್ದ್ರ ಲೋಹ ಸವೆದು ಹೊಸಾ ಕಣ ಮ್ಯಾಲ ಬರ್ತಾವ. ಬ್ಲೇಡಿನ ಮ್ಯಾಲಿನ ಬಾಣದ ಗುರುತಿನ ದಿಕ್ಕು ಬದಲಿ ಮಾಡಬ್ಯಾಡ್ರಿ, ಪ್ರತಿ ಕಣದ ಹಿಂದ ಲೋಹದ ಆಸರ ಬೆಳೆದಿರ್ತದ, ಉಲ್ಟಾ ತಿರುಗಿದ್ರ ಆ ಆಸರ ಹೋಗಿ ಕಣ ಉದುರ್ತಾವ.

ಕೊನೀ 5 ಮಿಮೀಗೆ ಮತ್ತ ನಿಧಾನ ಮಾಡ್ರಿ. ಸ್ಲ್ಯಾಬ್ ತನ್ನ ಭಾರಕ್ಕೇ ಮುರಿದು ಅಂಚಿಗೆ ಮುಳ್ಳು ಉಳಿಸ್ತದ. ಮುಳ್ಳು ಮುರಿಯಾಗ ಅಲ್ಲಿಂದ ಸ್ಲ್ಯಾಬಿನೊಳಗ ಬಿರುಕು ಓಡೂದುಂಟು. ಕೆಳಗ ಸ್ಪಂಜಿನ ತುಂಡು ಇಟ್ಟು ಆಸರ ಕೊಡ್ರಿ, ಮುಳ್ಳು ಮುರಿಯಬ್ಯಾಡ್ರಿ, ಸಾಣಿಗೆ ಹಿಡಿದು ತೆಗೀರಿ.

ಶಹಾಬಾದ್_ಪರ್ಸಿ
ಕೊಯ್ಯಾಗ ಬ್ಲೇಡ್ ತಂಪಿಡಾಕ ಎಣ್ಣಿ ಯಾವುದು ಅಂತ ಕೇಳೂ ಮದಲೇ ಹೇಳ್ತೀನಿ. ಸೀಮೆಎಣ್ಣಿ, ಡೀಸೆಲ್ ಹಾಕಬ್ಯಾಡ್ರಿ, ಮುಚ್ಚಿದ ಪೆಟ್ಟಿಗಿಯಾಗ ಅದರ ಮಂಜು ಬೆಂಕಿಗೆ ಬುಡ ಆಗ್ತದ. ವಾಸನಿ ಇಲ್ಲದ ತೆಳು ಖನಿಜ ಎಣ್ಣಿ ಬೇಕು, ಬ್ಲೇಡಿನ ತಳ 6-10 ಮಿಮೀ ಮುಳುಗೂ ಅಷ್ಟು. ಸ್ಲ್ಯಾಬ್ ಹೊರಗ ತೆಗೆದ ಕೂಡ್ಲೇ ಒಣ ಕಟ್ಟಿಗಿ ಹೊಟ್ಟಿನಾಗ ಹುಗದು ರಾತ್ರಿ ಬಿಡ್ರಿ, ಮುಂಜಾನಿ ಪಾತ್ರಿ ಸೋಪು ಹಾಕಿದ ಉಗುರುಬೆಚ್ಚನ ನೀರಾಗ ತೊಳೀರಿ. ಎಣ್ಣಿ ಇದ್ದಾಗ ಬಿರುಕು ಪರೀಕ್ಷಾ ಮಾಡಿದ್ರ ಎಲ್ಲಾ ಸ್ಲ್ಯಾಬೂ ಚಲೋ ಕಾಣ್ತಾವ! ಗಾಳಿ ಇದ್ದ ಜಾಗಾದಾಗ ಎಣ್ಣಿ ಕುಂತು ಮಿಂಚೂದು ಅಡಗಿ ಹೋಗ್ತದ.

ನೀರಿಲೆ ಕೊಯ್ಯೂದೂ ನಡೀತದ, ಬ್ಲೇಡ್ ಜಲ್ದಿ ಸವೀತದ. ದಿನಾ ನೀರು ಖಾಲಿ ಮಾಡಿ ಒರಸಬೇಕು, ಇಲ್ಲಾಂದ್ರ ತುಕ್ಕು. ನೀರು ಹೀರೂ ಕಲ್ಲಿಗೆ ಎಣ್ಣಿ ಬ್ಯಾಡೇ ಬ್ಯಾಡ, ಕಲೆ ಬಿಡಂಗಿಲ್ಲ. ನಮ್ಮ ಸುಣ್ಣಕಲ್ಲಿಗೂ ನೀರೇ.

ಸುರಪುರ_ಗುಡ್ಡ
ಸುಣ್ಣಕಲ್ಲಿನ ಮಾತು ಬಂದದ್ದಕ್ಕೆ. ಭೀಮಾ ಜಲಾನಯನದ ಬಣ್ಣದ ಸುಣ್ಣಕಲ್ಲು, ನೀಲಿ-ಬೂದು, ಗುಲಾಬಿ, ನೇರಳೆ ಛಾಯೆಯವು, ನೋಡಲು ಚೆಂದ. ಆದರೆ ಅದರಲ್ಲಿ ಬಿರುಕಿಗಿಂತ ಪದರದ ಸಂದು ಮುಖ್ಯ. ಪದರಗಳ ನಡುವೆ ಜೇಡಿಯ ತೆಳು ಪೊರೆ ಇರುತ್ತದೆ. ಬಹಳ ಹೊತ್ತು ನೀರಲ್ಲಿದ್ದರೆ ಅದು ಉಬ್ಬಿ ಪದರ ಬಿಡಬಹುದು. ಪದರಕ್ಕೆ ಅಡ್ಡಲಾಗಿ ತೆಳ್ಳಗೆ ಕೊಯ್ದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಸಮಾಂತರವಾಗಿ 8 ಮಿಮೀಗೆ ಕಡಿಮೆ ಇಲ್ಲದಂತೆ ಕೊಯ್ಯಿರಿ. ಗಡಸುತನ 3 ಇರುವುದರಿಂದ ಉಂಗುರಕ್ಕೆ ಬೇಡ, ಪದಕಕ್ಕೆ ಸಾಕು.

ಅದೇ ಸುಣ್ಣಕಲ್ಲಿಗೆ ಸಿಲಿಕಾ ತುಂಬಿಕೊಂಡ ಕಡೆ ಗುಣವೇ ಬದಲು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರು ಕೈಗೊಡಲಿ ಮಾಡಿದ್ದು ಇಂಥ ಸಿಲಿಕಾಭರಿತ ಸುಣ್ಣಕಲ್ಲಿನಿಂದ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ಉತ್ಖನನದಲ್ಲಿ ಸಿಕ್ಕ ನೆಲೆ ಅದು. ಅದರ ಕಾಲ ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಿದ್ದಾರೆ. ಪೆಟ್ಟು ಬಿದ್ದಲ್ಲಿಂದ ಚಿಪ್ಪಿನಾಕಾರದಲ್ಲಿ ಚಕ್ಕೆ ಏಳುವ ಗುಣ ಕಂಡೇ ಅವರು ಆ ಕಲ್ಲು ಆರಿಸಿದ್ದು. ಒಂದು ಕಳಕಳಿಯ ಮಾತು: ಆ ಕಣಿವೆಯಲ್ಲಿ ಚಕ್ಕೆ ಎದ್ದ ಕಲ್ಲು ಕಂಡರೆ ಮುಟ್ಟದೆ ಬಿಡಿ. ಕೊಯ್ಯಲು ಬೇರೆ ಕಲ್ಲು ಬೇಕಾದಷ್ಟಿದೆ. ಎಲ್ಲಿಂದ ತಂದರೂ ಹೊಲದವರನ್ನು ಕೇಳಿಯೇ ತನ್ನಿ. ಅಗೆದು ತೆಗೆದು ಮಾರುವುದಾದರೆ ಪರವಾನಗಿ ಬೇಕು, ಅಕೀಕ್ ಮತ್ತು ಜ್ಯಾಸ್ಪರ್ 2015ರಿಂದ ಉಪಖನಿಜದ ಪಟ್ಟಿಯಲ್ಲಿವೆ.

ಭಾಲ್ಕಿ_ಹಳ್ಳದಂಡಿ
ಸ್ಲ್ಯಾಬ್ ಕೊಯ್ದ ಮ್ಯಾಲ ಮತ್ತ ಪರೀಕ್ಷಾ ಮಾಡಬೇಕೇನು? ಎಳಿ ಬಿರುಕಿಗೆ ಫೆವಿಕ್ವಿಕ್ ಹಾಕ್ತಾರಂತ ಕೇಳೀನಿ.

ಬೀದರ್_ಸಾಣಿಕಲ್ಲು
ಪ್ರತಿ ಸ್ಲ್ಯಾಬಿಗೂ ಮಾಡ್ಲೇಬೇಕು. ಸ್ಪಿರಿಟ್, ಹಿಂದಿನಿಂದ ಟಾರ್ಚ್, ಆಮ್ಯಾಲ ದನಿ. ಸ್ಲ್ಯಾಬ್ ಎರಡು ಬೆರಳಿನಾಗ ಸಡ್ಲ ತೂಗ ಹಿಡಿದು ನಾಣ್ಯದ ಅಂಚಿಲೆ ಮೆಲ್ಲಕ ಬಡೀರಿ. ಗಟ್ಟಿ ಇದ್ರ ಪಿಂಗಾಣಿ ಬಟ್ಟಲ ಹಂಗ ಖಣ್ ಅಂತದ, ಬಿರುಕಿದ್ರ ಒಡಕು ಗಡಿಗಿ ದನಿ. ಕಡೀಕ ಎರಡೂ ಕೈ ಹೆಬ್ಬೆರಳು ನಡುವಿಟ್ಟು ಸಾಧಾರಣ ಜೋರಿಲೆ ಬಾಗಿಸಿ ನೋಡ್ರಿ. ಮುರಿದ್ರ ಮುರೀಲಿ. ಈಗ ಮುರಿದ್ರ 6 ಮಿಮೀ ಕಲ್ಲು ಹೋತು. 3000 ನಂಬರಿನ (ನಂಬರ್ ಹೆಚ್ಚಾದಂಗ ಸಾಣಿ ಕಣ ಸಣ್ಣ) ಪಾಲಿಶ್ ಹೊತ್ತಿನಾಗ ಮುರಿದ್ರ ಒಂದು ದಿನದ ದುಡಿಮಿ ಹೋತು.

ಬಿರುಕು ಬಿಟ್ಟ ಹರಳಿನ ಇನ್ನೊಂದು ಕಾಟ ಹೇಳ್ತೀನಿ. 80 ನಂಬರಿನ ಕಣ ಬಿರುಕಿನಾಗ ಹೊಕ್ಕು ಕುಂತು, 1200 ಮ್ಯಾಲ ಹೊರಗ ಬಂದು ಉದ್ದಕ ಗೀಚ್ತದ. ಪಾಲಿಶ್ ಕೆಟ್ಟದ ಅಂತ ಚಕ್ರ ಬೈಯ್ತೀರಿ, ತಪ್ಪು ಬಿರುಕಿಂದು. ಪ್ರತಿ ನಂಬರ್ ಬದಲಿ ಮಾಡಾಗ ಹಲ್ಲುಜ್ಜೂ ಬ್ರಷ್‌ಲೆ ತಿಕ್ಕಿ ತೊಳೀರಿ.

ಶಹಾಬಾದ್_ಪರ್ಸಿ
ಫೆವಿಕ್ವಿಕ್ ಥರದ್ದು ಎಳಿ ಬಿರುಕಿನಾಗ ಇಳೀತದ ಖರೆ, ಆದ್ರ ಮ್ಯಾಲಿನ ಅಷ್ಟಕ್ಕ. ಸಾಣಿ ಹಿಡಿದು 2 ಮಿಮೀ ತೆಗೆದ್ರ ಅಂಟು ಇದ್ದ ಭಾಗ ಹೋಗಿ ಮತ್ತ ಬಿರುಕು. ಕೊಯ್ಯೂ ಹೊತ್ತಿನಾಗ ಹಿಡಿದು ಇಡಾಕ ಬಳಸ್ರಿ, ಭರವಸಿ ಇಡಬ್ಯಾಡ್ರಿ. ಆಳಕ್ಕ ಬೇಕಂದ್ರ ತೆಳು ಎಪಾಕ್ಸಿ: ಸ್ಲ್ಯಾಬಿನ ಎಣ್ಣಿ ಪೂರಾ ಹೋಗಿ, ಒಂದು ದಿನ ಒಣಗಿರಬೇಕು. 45-50 ಡಿಗ್ರಿಗೆ ಮೆಲ್ಲಕ ಬೆಚ್ಚಗ ಮಾಡಿ ಬಿರುಕಿನ ಮ್ಯಾಲ ಎಪಾಕ್ಸಿ ಹರಿಬಿಡ್ರಿ. ಕಲ್ಲಿನ ಕಾವಿಗೆ ಅದು ನೀರಾಗಿ ಇಳೀತದ, ತಂಪಾಗೂ ಹೊತ್ತಿಗೆ ಇನ್ನಷ್ಟು ಒಳಗ ಜಗ್ಗಿಕೊಳ್ತದ. 24 ತಾಸು ಮುಟ್ಟಬ್ಯಾಡ್ರಿ. ಇಂಥ ಹರಳು ಕೊಡಾಗ ಅಂಟು ತುಂಬೀನಿ ಅಂತ ಬಾಯಿಬಿಟ್ಟು ಹೇಳ್ರಿ. ಹೇಳದೆ ಕೊಡೂದು ಮೋಸ.

ಆಳಂದ_ಮೋಟರ್
ಧೂಳು ಬಿಟ್ಟಿರಿ ಎಲ್ಲಾರೂ. ಅಕೀಕಿನ ಪುಡಿ ಪೂರಾ ಸಿಲಿಕಾ. ಒಣಾ ಕೊಯ್ದ್ರ, ಒಣಾ ಸಾಣಿ ಹಿಡಿದ್ರ ಅದು ಪುಪ್ಪುಸದಾಗ ಕುಂತು ಸಿಲಿಕೋಸಿಸ್ ಆಗ್ತದ, ವಾಪಸ್ ಬರಂಗಿಲ್ಲ. ಯಾವಾಗ್ಲೂ ಒದ್ದಿ ಇರಬೇಕು, ಎನ್95 ಮಾಸ್ಕ್ ಇರಬೇಕು. ಬಟ್ಟಿ ಮ್ಯಾಲ ಹಾರಿ ಒಣಗಿದ ರಾಡಿನೂ ಧೂಳೇ, ಜಾಡಿಸದೆ ನೀರಾಗ ನೆನಸ್ರಿ. ತಳದ ಕೆಸರು ಮೋರಿಗೆ ಬಿಡಬ್ಯಾಡ್ರಿ, ಸಿಮೆಂಟಿನ ಹಂಗ ಗಟ್ಟಿಯಾಗಿ ಕಟ್ಕೋತದ.

ಬೀದರ್_ಸಾಣಿಕಲ್ಲು
ಇದನ್ನ ಮದಲೇ ಹೇಳಬೇಕಿತ್ತು, ಖರೆ.

ಸಾಣಿ ಹಿಡಿಯಾಕ ಅರಗು ಹಚ್ಚಿ ಕಡ್ಡಿಗೆ ಕೂಡಿಸಾಗ ಸ್ಲ್ಯಾಬಿನ ತುಂಡು ನೇರ ದೀಪದ ಉರಿಗೆ ಹಿಡೀಬ್ಯಾಡ್ರಿ. ತಗಡಿನ ಮ್ಯಾಲಿಟ್ಟು ಕೆಳಗಿಂದ ಮೆಲ್ಲಕ ಕಾಸಿ, ಅರಗು ಕರಗೂ ಅಷ್ಟು ಸಾಕು. ಬಿಸಿ ಕಲ್ಲು ತಣ್ಣೀರಿಗೆ ಅದ್ದಿದ್ರ ಗಟ್ಟಿ ಕಲ್ಲಿನಾಗೂ ಜೇಡರ ಬಲೆ ಹಂಗ ಬಿರುಕು ಏಳ್ತಾವ. ಎಪಾಕ್ಸಿ ತುಂಬಿದ್ದಿದ್ರ ಅರಗಿನ ಕಾವಿಗೆ ಅದೂ ಮೆತ್ತಗಾಗ್ತದ, ಅಂಥದಕ್ಕ ತಣ್ಣನ ಅಂಟೇ ಹಚ್ಚ್ರಿ.

ಭಾಲ್ಕಿ_ಹಳ್ಳದಂಡಿ
ತಿಳೀತು. ಸಿಪ್ಪಿ ತೆಗೆದು ಸಿಮೆಂಟಿನಾಗ ಕೂಡಿಸೀನಿ, ಗೀಟು ಪೆಟ್ಟಿಗಿ ಅಂಚಿಗೆ ಸಮ ಬಂದದ. ಮದಲ ಕೊಯ್ತ ಬಿರುಕಿನ ಮ್ಯಾಲೇ. ಆದ್ರ ಗೀಟು ಎಳೆದದ್ದು ಹೊರಮೈ ಮ್ಯಾಲ. ಒಳಗ ಬಿರುಕು ಸೊಟ್ಟ ಹೋಗಿದ್ರ?

ಬೀದರ್_ಸಾಣಿಕಲ್ಲು
ಅಕೀಕಿನಾಗ ಬಿರುಕು ಪೂರಾ ಸಪಾಟ ಇರೂದು ಕಡಿಮಿ, ಬಟ್ಟಲ ಹಂಗ ಒಂಚೂರು ಬಾಗೇ ಇರ್ತದ. 20 ಮಿಮೀ ಕೊಯ್ದು ನಿಲ್ಲಿಸಿ, ತೊಳೆದು, ಸಂದಿನಾಗ ಟಾರ್ಚ್ ಬಿಟ್ಟು ನೋಡ್ರಿ. ಬಿರುಕು ಒಂದು ಕಡಿ ಗೋಡಿಗೆ ಸರಿದಿತ್ತಂದ್ರ ಆ ಕಡಿ ಮದಲ ಸ್ಲ್ಯಾಬ್ 6ರ ಬದ್ಲಿ 9 ಮಿಮೀ ತಗೋರಿ. ಬಿರುಕಿನ ಮುಖ ಸಾಣಿಲೆ ಇಳಿಸಿದ ಮ್ಯಾಲೂ ಹರಳಿಗೆ ಸಾಕಷ್ಟು ದಪ್ಪ ಉಳೀತದ.